ಆಲ್ಪ್ಸ್‌ನ ಈಚೆ ಅಂದರೆ ಯಾರಿಗೆ ಈಚೆ?

ಕಳೆದ ಸಂಚಿಕೆಯಲ್ಲಿ ಜೂಲಿಯಸ್ ಸೀಸರ್ ರೂಬಿಕಾನ್ ಹೊಳೆ ದಾಟಿದ ಪ್ರಸಂಗ ಬಂದಿತ್ತು. ಅದರಲ್ಲಿ 'ಸಿಸಾಲ್ಪೈನ್ ಗಾಲ್' ಎಂಬ ಹೆಸರು ಒಂದೆರಡು ಕಡೆ ಇತ್ತು. ಈ ಸಲ ಬಂದ ಪತ್ರಗಳೆಲ್ಲ ಆ ಹೆಸರಿಗೇ ಗಂಟು ಬಿದ್ದಿವೆ. ಸೀಸರನ ಬಗ್ಗೆ ಕೇಳಿದವರೇ ಇಲ್ಲ! ಯುರೋಪಿನ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು ನಾನು. ಒಂದು ವಿಶೇಷಣಕ್ಕೆ ಇಷ್ಟು ಪತ್ರ ಬಂದರೆ ಖುಷಿಯೇ. ಓದುವಾಗ ಯುರೋಪಿನ ಒಂದು ನಕ್ಷೆ ಕೈಯಲ್ಲಿರಲಿ. ಬೇಕಾಗುತ್ತದೆ.

ಪ್ರಶ್ನೆ: ಗಾಲ್ ಅಂದರೆ ಈಗಿನ ಫ್ರಾನ್ಸ್ ಎಂದು ಓದಿದ್ದೇನೆ. ನೀವು ಸಿಸಾಲ್ಪೈನ್ ಗಾಲ್ ಇಟಲಿಯ ಉತ್ತರದಲ್ಲಿತ್ತು ಎಂದು ಬರೆದಿದ್ದೀರಿ. ಗಾಲ್ ಅಲ್ಲಿಗೆ ಹೇಗೆ ಬಂತು? 'ಸಿಸಾಲ್ಪೈನ್' ಅಂದರೆ ಏನು ಸರ್? (ಒಬ್ಬ ಪದವಿ ವಿದ್ಯಾರ್ಥಿನಿ)

ಉತ್ತರ: ಮೊದಲು ಪದ ಬಿಡಿಸೋಣ. ಲ್ಯಾಟಿನ್‌ನಲ್ಲಿ 'ಕಿಸ್' ಅಂದರೆ ಈಚೆ. 'ಆಲ್ಪೆಸ್' ಅಂದರೆ ಆಲ್ಪ್ಸ್ ಬೆಟ್ಟಸಾಲು. ಕೊನೆಗೆ 'ಇನುಸ್' ಎಂಬ ಪ್ರತ್ಯಯ. ಹೆಸರನ್ನು ವಿಶೇಷಣ ಮಾಡುವುದು ಅದರ ಕೆಲಸ. 'ಮಾರೆ' ಅಂದರೆ ಸಮುದ್ರ, 'ಮರೀನುಸ್' ಅಂದರೆ ಸಮುದ್ರದ. ಹಾಗೆಯೇ 'ಕಿಸಾಲ್ಪೀನುಸ್' ಅಂದರೆ ಆಲ್ಪ್ಸ್‌ನ ಈಚೆಗಿನ. ಗಾಲಿಯಾ ಎಂಬ ಹೆಸರು ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ. ಆದ್ದರಿಂದ ವಿಶೇಷಣವೂ ಬಾಲ ಬದಲಿಸಿ 'ಗಾಲಿಯಾ ಕಿಸಾಲ್ಪೀನಾ' ಆಗುತ್ತದೆ. ಇದರ ಜೋಡಿ 'ಗಾಲಿಯಾ ಟ್ರಾನ್ಸಾಲ್ಪೀನಾ', ಆಚೆಗಿನ ಗಾಲ್.

'ಟ್ರಾನ್ಸ್' ನಮಗೆ ಹೊರಗಿನದೇನೂ ಅಲ್ಲ. ಸಂಸ್ಕೃತದ 'ತಿರಸ್' ಅದರ ದಾಯಾದಿ. ನಾವು ದಿನಾ ಬಳಸುವ 'ತಿರಸ್ಕಾರ'ದಲ್ಲಿ ಇರುವುದು ಅದೇ. ಎರಡಕ್ಕೂ ಮೂಲ, ದಾಟುವುದು ಎಂಬ ಅರ್ಥದ ಒಂದು ಹಳೆಯ ಧಾತು. 'ಅವತಾರ'ದಲ್ಲಿ ಇರುವುದೂ ಅದೇ ಧಾತು: ದಾಟಿ ಕೆಳಗೆ ಬರುವುದು. 'ಕಿಸ್' ಕಡೆಯ ನೆಂಟರು ಇಂಗ್ಲಿಷ್‌ನಲ್ಲಿ ಸಿಗುತ್ತಾರೆ. ಅಲ್ಲಿನ 'ಹಿಯರ್', 'ಹಿದರ್' ಇವೆಲ್ಲ 'ಇದು, ಇಲ್ಲಿ' ಎಂದು ಬೆರಳು ತೋರಿಸುವ ಅದೇ ಮೂಲದಿಂದ ಬಂದವು.

ಈಗ ಗಾಲ್ ವಿಷಯ. ರೋಮನ್ನರಿಗೆ ಗಾಲ್ ಅಂದರೆ ಒಂದು ದೇಶ ಅಲ್ಲ. ಗಾಲ್ ಜನ ಎಲ್ಲೆಲ್ಲಿ ಇದ್ದರೋ ಅದೆಲ್ಲ ಗಾಲ್. ಈ ಜನರ ಹಲವು ಪಂಗಡಗಳು ಆಲ್ಪ್ಸ್ ದಾಟಿ ಬಂದು ಪೋ ನದಿಯ ಬಯಲಿನಲ್ಲಿ ಬೇರು ಬಿಟ್ಟಿದ್ದವು. ಇನ್ಸುಬ್ರೆಸ್ ಎಂಬವರ ಊರು ಮೆಡಿಯೊಲಾನುಮ್, ಅದೇ ಇಂದಿನ ಮಿಲಾನ್. ಬೋಯಿ ಎಂಬವರು ಬೊಲೋನ್ಯಾ ಸುತ್ತ ಇದ್ದರು. ಸೆನೋನೆಸ್ ಎಂಬವರು ಏಡ್ರಿಯಾಟಿಕ್ ಕಡಲ ಕರೆಯಲ್ಲಿ. ಆ ಕರೆಯಲ್ಲಿ ಸೆನಿಗಾಲಿಯಾ ಎಂಬ ಊರು ಈಗಲೂ ಇದೆ. ಹೆಸರಿನಲ್ಲೇ ಗಾಲ್ ಉಳಿದಿದೆ ನೋಡಿ. ಕ್ರಿ.ಪೂ. 390ರ ಸುಮಾರಿಗೆ ರೋಮ್ ನಗರಕ್ಕೇ ನುಗ್ಗಿ ಸೂರೆ ಮಾಡಿದವರು ಈ ಸೆನೋನೆಸ್. ರೋಮನ್ನರು ಅದನ್ನು ಮರೆಯಲೇ ಇಲ್ಲ.

ಸೇಡು ತೀರಿಸಲು ಸಮಯ ಹಿಡಿಯಿತು. ಕ್ರಿ.ಪೂ. 222ರಲ್ಲಿ ರೋಮ್ ಮೆಡಿಯೊಲಾನುಮ್ ಗೆದ್ದಿತು. ನಾಲ್ಕೇ ವರ್ಷಕ್ಕೆ ರೋಮ್‌ನ ಶತ್ರು ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಆಲ್ಪ್ಸ್ ಇಳಿದು ಬಂದ. ಆ ಬಯಲಿನ ಗಾಲ್ ಜನ ಬಹುಪಾಲು ಅವನ ಜೊತೆ ಸೇರಿದರು. ಅವನು ಸೋತ ಮೇಲೆ ರೋಮ್ ಇಡೀ ಬಯಲನ್ನು ಮತ್ತೆ ಗೆಲ್ಲಬೇಕಾಯಿತು. ಕ್ರಿ.ಪೂ. 187ರಲ್ಲಿ ರಿಮಿನಿಯಿಂದ ಪಿಯಾಚೆಂಜಾದವರೆಗೆ ನೇರವಾಗಿ ವಿಯಾ ಎಮೀಲಿಯಾ ರಸ್ತೆ ಹಾಕಿದರು. ಆ ಪ್ರದೇಶದ ಹೆಸರು ಇವತ್ತಿಗೂ ಎಮೀಲಿಯಾ. ರಸ್ತೆಯಿಂದ ನಾಡಿಗೆ ಹೆಸರು ಬಂದದ್ದು ಅಪರೂಪ.

ಈಗ ನಕ್ಷೆ ತೆಗೆಯಿರಿ. ಉತ್ತರ ಮೇಲೆ ಇರಲಿ, ಮಾಮೂಲಿನಂತೆ. ನೀವು ಕೆಳಗೆ, ರೋಮ್‌ನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎದುರಿಗೆ ಪೋ ಬಯಲು, ಅದರ ಹಿಂದೆ ಆಲ್ಪ್ಸ್, ಅದರ ಹಿಂದೆ ಫ್ರಾನ್ಸ್. ಬಯಲು ಬೆಟ್ಟದ ಈಚೆ. ಫ್ರಾನ್ಸ್ ಬೆಟ್ಟದ ಆಚೆ. ಅಷ್ಟೇ ಗುಟ್ಟು. 'ಕಿಸಾಲ್ಪೀನಾ' ಎಂಬ ವಿಶೇಷಣ ಆ ನಾಡಿನ ಮಣ್ಣು, ಮಳೆ, ಜನ ಯಾವುದರ ಬಗ್ಗೆಯೂ ಏನೂ ಹೇಳುವುದಿಲ್ಲ. ಮಾತಾಡುವವನು ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ಮಾತ್ರ ಹೇಳುತ್ತದೆ.

ಈ ಬಯಲನ್ನೂ ಪೋ ನದಿ ಎರಡು ಮಾಡುತ್ತದೆ. ಲ್ಯಾಟಿನ್‌ನಲ್ಲಿ ಪೋ ನದಿಗೆ 'ಪಾದುಸ್' ಎಂದು ಹೆಸರು. ಹಾಗಾಗಿ ನದಿಯ ದಕ್ಷಿಣಕ್ಕೆ ಕಿಸ್ಪಾದಾನಾ, ಉತ್ತರಕ್ಕೆ ಟ್ರಾನ್ಸ್ಪಾದಾನಾ. ಮತ್ತೆ ರೋಮ್‌ನ ಕಣ್ಣೇ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಕ್ಯಾಟುಲ್ಲುಸ್ ಎಂಬ ಕವಿ ವೆರೋನಾದವನು. ವೆರೋನಾ ಪೋ ನದಿಯ ಉತ್ತರಕ್ಕಿದೆ. ಅವನ ಒಂದು ಕವಿತೆಯಲ್ಲಿ ಸದಾ ಹಲ್ಲು ಕಿಸಿಯುವ ಒಬ್ಬನ ಗೇಲಿ ಬರುತ್ತದೆ. ಸಾವು, ದುಃಖ ಏನೇ ಇರಲಿ, ಆ ಮನುಷ್ಯ ಬಿಳಿ ಹಲ್ಲು ತೋರಿಸುತ್ತಾನೆ. ನೀನು ರೋಮ್‌ನವನಾಗಿದ್ದರೂ, ಅಂಬ್ರಿಯಾದವನಾಗಿದ್ದರೂ, ಎಟ್ರೂರಿಯಾದವನಾಗಿದ್ದರೂ ನಾನು ಒಪ್ಪುತ್ತಿರಲಿಲ್ಲ ಅನ್ನುತ್ತಾ ಕವಿ ಒಂದೊಂದೇ ಊರಿನವರ ಹೆಸರು ಹೇಳುತ್ತಾ ಹೋಗುತ್ತಾನೆ. ನಡುವೆ 'ಟ್ರಾನ್ಸ್ಪಾದಾನುಸ್' ಅನ್ನುತ್ತಾನೆ, ನಮ್ಮವರನ್ನೂ ಬಿಡುವುದು ಬೇಡ ಎಂದು ಸೇರಿಸುತ್ತಾನೆ. ತನ್ನ ಊರಿನವರನ್ನೇ 'ನದಿಯಾಚೆಯವರು' ಅನ್ನುತ್ತಾನೆ ಪುಣ್ಯಾತ್ಮ! ವೆರೋನಾದಲ್ಲಿ ನಿಂತರೆ ನದಿಯಾಚೆ ಇರುವುದು ರೋಮ್ ಅಲ್ವಾ? ಆದರೆ ರೋಮ್‌ನಲ್ಲಿ ಬರೆಯುವವನು ರೋಮ್‌ನ ಕಣ್ಣನ್ನೇ ಹಾಕಿಕೊಂಡ. ಪಾಠ ಮಾಡುವಾಗ ಆಕ್ರಮಣ, ಆಡಳಿತ ಎಂದೆಲ್ಲ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಈ ಒಂದು ವಿಶೇಷಣ ಅದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಿತ್ತು.

ಸೀಸರ್ ಈ ಪ್ರಾಂತ್ಯದ ರಾಜ್ಯಪಾಲನಾಗಿದ್ದ. ಆಚೆಗಿನ ಗಾಲ್‌ನಲ್ಲಿ ಯುದ್ಧ ಮಾಡಿ, ಚಳಿಗಾಲದಲ್ಲಿ ಎಷ್ಟೋ ಸಲ ಈಚೆಗೆ ಬಂದು ನ್ಯಾಯ ತೀರ್ಮಾನ ಮಾಡುತ್ತಿದ್ದ. ಅವನು ತನ್ನ ಬರಹದಲ್ಲಿ ಈ ಪ್ರಾಂತ್ಯಕ್ಕೆ 'ಗಾಲಿಯಾ ಕಿಟೇರಿಯೊರ್' ಅನ್ನುತ್ತಾನೆ. ಅದೂ ಅದೇ 'ಕಿಸ್' ಮನೆತನದ ಮಾತು. ಹತ್ತಿರದ್ದು, ಇತ್ತಕಡೆಯದು ಎಂದು ಅರ್ಥ. ಈ ಪ್ರಾಂತ್ಯಕ್ಕೂ ಇಟಲಿಗೂ ನಡುವಿನ ಗಡಿಯೇ ರೂಬಿಕಾನ್ ಹೊಳೆ. ರಾಜ್ಯಪಾಲ ಸೈನ್ಯ ಕಟ್ಟಿಕೊಂಡು ಆ ಗಡಿ ದಾಟುವ ಹಾಗಿರಲಿಲ್ಲ. ಕ್ರಿ.ಪೂ. 49ರ ಜನವರಿಯಲ್ಲಿ ಅವನು ದಾಟಿದ. ಅದೇ ವರ್ಷ ಪೋ ಆಚೆಯ ಜನಕ್ಕೂ ರೋಮ್‌ನ ಪೂರ್ಣ ಪೌರತ್ವ ಸಿಕ್ಕಿತು. ಕ್ರಿ.ಪೂ. 42ರಲ್ಲಿ ಪ್ರಾಂತ್ಯವೇ ಇಟಲಿಗೆ ಸೇರಿಹೋಯಿತು. ವಿಶೇಷಣಕ್ಕೆ ಕೆಲಸ ತಪ್ಪಿತು.

ಆಚೆಗಿನ ಗಾಲ್‌ನ ದಕ್ಷಿಣ ಭಾಗ ಆಮೇಲೆ ನಾರ್ಬೊ ಎಂಬ ಊರಿನ ಹೆಸರಿನಲ್ಲಿ 'ನಾರ್ಬೊನೆನ್ಸಿಸ್' ಆಯಿತು. ರೋಮನ್ನರು ಅದನ್ನು ಸುಮ್ನೆ 'ಪ್ರೊವಿಂಕಿಯಾ', ಅಂದರೆ ಪ್ರಾಂತ್ಯ, ಎಂದೂ ಕರೆಯುತ್ತಿದ್ದರು. ಫ್ರಾನ್ಸ್‌ನ ಪ್ರೊವಾನ್ಸ್ ಹೆಸರು ಅಲ್ಲಿಂದ ಬಂದದ್ದು.

ಪ್ರಶ್ನೆ: ನೆಪೋಲಿಯನ್ ಮಿಲಾನ್‌ನಲ್ಲಿ 'ಸಿಸಾಲ್ಪೈನ್ ಗಣರಾಜ್ಯ' ಸ್ಥಾಪಿಸಿದ ಎಂದು ಓದಿದೆ. ಅವನು ಬಂದದ್ದು ಫ್ರಾನ್ಸ್‌ನಿಂದ. ಅವನಿಗೆ ಮಿಲಾನ್ ಆಲ್ಪ್ಸ್‌ನ ಆಚೆ ಆಗಬೇಕಿತ್ತಲ್ಲ? (ಒಬ್ಬ ಹಿರಿಯ ಓದುಗರು)

ಉತ್ತರ: ಆಗಬೇಕಿತ್ತು. ನಿಮ್ಮ ಲೆಕ್ಕ ಸರಿ. ಪ್ಯಾರಿಸ್‌ನಲ್ಲಿ ಕೂತವರಿಗೆ ಮಿಲಾನ್ 'ಟ್ರಾನ್ಸಾಲ್ಪೈನ್'. ಆದರೂ ಫ್ರೆಂಚರು ಅದನ್ನು ತಮ್ಮ ಭಾಷೆಯಲ್ಲೂ ಈಚೆಯದು ಎಂದೇ ಕರೆದರು. ಯಾಕೆ ಅಂದರೆ ಅದು ರೋಮ್‌ನ ಹಳೆಯ ಹೆಸರು. ಕ್ರಾಂತಿಯ ಕಾಲದ ಫ್ರೆಂಚರಿಗೆ ರೋಮ್‌ನ ಹುಚ್ಚು ಜಾಸ್ತಿ. ಸೈನ್ಯ ಹೋದ ಕಡೆಯೆಲ್ಲ ಹಳೆಯ ಲ್ಯಾಟಿನ್ ಹೆಸರು ಹುಡುಕಿ ಅಂಟಿಸಿದರು. ಹಾಲೆಂಡ್ 1795ರಲ್ಲಿ ಬಟೇವಿಯನ್ ಗಣರಾಜ್ಯ ಆಯಿತು. ಜಿನೋವಾ 1797ರಲ್ಲಿ ಲಿಗೂರಿಯನ್, ಸ್ವಿಟ್ಜರ್ಲೆಂಡ್ 1798ರಲ್ಲಿ ಹೆಲ್ವೆಟಿಕ್. ನೇಪಲ್ಸ್‌ಗೆ 1799ರಲ್ಲಿ 'ಪಾರ್ಥೆನೋಪಿಯನ್' ಎಂಬ ಬಾಯಿಗೆ ಸಿಗದ ಹೆಸರು.

ಇಟಲಿಯಲ್ಲಿ ಮೊದಲು, 1796ರಲ್ಲಿ, ಪೋ ನದಿಯ ದಕ್ಷಿಣದ ಊರುಗಳಿಗೆ ಸಿಸ್ಪಡೇನ್ ಗಣರಾಜ್ಯ ಬಂತು. ಮೊಡೆನಾ, ರೆಜ್ಜೊ, ಬೊಲೋನ್ಯಾ, ಫೆರಾರಾ ಅದರಲ್ಲಿದ್ದವು. ಮಿಲಾನ್ ಕಡೆಗೆ ಟ್ರಾನ್ಸ್‌ಪಡೇನ್. ಹದಿನೆಂಟು ಶತಮಾನ ಮಲಗಿದ್ದ ವಿಶೇಷಣಗಳು ಎದ್ದು ಕೂತವು! 1797ರ ಜನವರಿ 7ರಂದು ಸಿಸ್ಪಡೇನ್ ಪ್ರತಿನಿಧಿಗಳು ರೆಜ್ಜೊದಲ್ಲಿ ಸೇರಿ ಹಸಿರು, ಬಿಳಿ, ಕೆಂಪು ಬಾವುಟ ಒಪ್ಪಿಕೊಂಡರು. ಇಂದಿನ ಇಟಲಿಯ ಬಾವುಟ ಅದರದೇ ಮುಂದುವರಿಕೆ. ಅದೇ ವರ್ಷ ಎರಡನ್ನೂ ಸೇರಿಸಿ ಸಿಸಾಲ್ಪೈನ್ ಗಣರಾಜ್ಯ ಮಾಡಿದರು, ಮಿಲಾನ್ ರಾಜಧಾನಿ. 1799ರಲ್ಲಿ ಆಸ್ಟ್ರಿಯಾ ಮತ್ತು ರಷ್ಯಾದ ಸೈನ್ಯ ಬಂದು ಅದನ್ನು ಕೆಡವಿತು. 1800ರಲ್ಲಿ ಮರೆಂಗೊ ಯುದ್ಧ ಗೆದ್ದ ನೆಪೋಲಿಯನ್ ಮತ್ತೆ ನಿಲ್ಲಿಸಿದ.

ಕೊನೆ ಮಾತ್ರ ತಮಾಷೆಯಾಗಿದೆ. 1802ರ ಜನವರಿಯಲ್ಲಿ ಈ ಗಣರಾಜ್ಯದ ಪ್ರತಿನಿಧಿಗಳನ್ನು ಹೊಸ ಸಂವಿಧಾನಕ್ಕಾಗಿ ಕರೆಸಿದ್ದು ಲಿಯಾನ್‌ಗೆ. ಅದು ಫ್ರಾನ್ಸ್‌ನಲ್ಲಿದೆ. ಆಲ್ಪ್ಸ್‌ನ ಈಚೆಯವರು ಎಂದು ಹೆಸರಿಟ್ಟುಕೊಂಡವರು ನಡುಚಳಿಯಲ್ಲಿ ಬೆಟ್ಟದಾಚೆ ಹೋಗಿ ಕೂತರು. ಅಲ್ಲಿ ದೇಶದ ಹೆಸರು ಇಟಾಲಿಯನ್ ಗಣರಾಜ್ಯ ಎಂದು ಬದಲಾಯಿತು, ನೆಪೋಲಿಯನ್ ಅಧ್ಯಕ್ಷನಾದ.

ಇದೇ ಸಮಯದ ಇನ್ನೊಂದು 'ಸಿಸ್' ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. 1797ರಲ್ಲಿ ರೈನ್ ನದಿಯ ಪಶ್ಚಿಮ ದಡದಲ್ಲಿ ಫ್ರೆಂಚರ ಪರ ಇದ್ದವರು 'ಸಿಸ್‌ರೀನನ್ ಗಣರಾಜ್ಯ' ಘೋಷಿಸಿದರು. ರೈನ್‌ನ ಈಚೆಯದು. ಅದು ಬಾಳಲಿಲ್ಲ. ಆದರೆ ಅಲ್ಲಿ ಹೆಸರಿನ ಜಗಳವೇ ಇಲ್ಲ. ರೋಮ್‌ನಿಂದ ನೋಡಿ, ಪ್ಯಾರಿಸ್‌ನಿಂದ ನೋಡಿ, ಆ ದಡ ಈಚೆಯೇ. ಸೀಸರ್ ಕೂಡ ಅಲ್ಲಿನ ಜರ್ಮನ್ ಜನರಿಗೆ 'ಕಿಸ್‌ರೇನಾನಿ' ಎಂದೇ ಬರೆದಿದ್ದಾನೆ.

ಪ್ರಶ್ನೆ: 'ಅಲ್ಟ್ರಾಮಾಂಟೇನ್' ಎಂಬ ಪದಕ್ಕೆ ಒಂದು ನಿಘಂಟು 'ಇಟಲಿಯ ಹೊರಗಿನವನು' ಅನ್ನುತ್ತದೆ. ಇನ್ನೊಂದು 'ರೋಮ್‌ನ ಪೋಪ್ ಪರ ಇರುವವನು' ಅನ್ನುತ್ತದೆ. ಯಾವುದು ಸರಿ? (ಒಬ್ಬ ಅನುವಾದಕರು)

ಉತ್ತರ: ಎರಡೂ ಸರಿ. ನಕ್ಷೆ ಇನ್ನೂ ಕೈಯಲ್ಲಿದೆ ತಾನೆ?

'ಅಲ್ಟ್ರಾ' ಅಂದರೂ ಆಚೆ. 'ಮೋನ್ಸ್' ಅಂದರೆ ಬೆಟ್ಟ. ಅಲ್ಟ್ರಾಮಾಂಟಾನುಸ್ ಅಂದರೆ ಬೆಟ್ಟದಾಚೆಯವನು. ನಕ್ಷೆಯನ್ನು ಸೀದಾ ಹಿಡಿದು ಇಟಲಿಯಿಂದ ನೋಡಿದರೆ ಆಚೆಯವರು ಯಾರು? ಜರ್ಮನರು, ಫ್ರೆಂಚರು, ಇಂಗ್ಲಿಷರು. ಮಧ್ಯಕಾಲದ ಬೊಲೋನ್ಯಾದಲ್ಲಿ ಕಾನೂನು ಓದುವ ಹುಡುಗರದು ಎರಡು ಸಂಘ. ಇಟಲಿಯವರದು 'ಕಿಟ್ರಮಾಂಟಾನಿ', ಬೆಟ್ಟದ ಈಚೆಯವರು. ಹೊರಗಿಂದ ಬಂದವರದು 'ಅಲ್ಟ್ರಾಮಾಂಟಾನಿ'. ಅವರವರಿಗೆ ಅವರವರ ರೆಕ್ಟರ್, ಅಂದರೆ ಸಂಘದ ಮುಖ್ಯಸ್ಥ, ಕೂಡ ಇದ್ದ. ಇಟಲಿಯವರಲ್ಲದ ಒಬ್ಬರು ಪೋಪ್ ಆದರೆ ಅವರಿಗೂ ಇದೇ ವಿಶೇಷಣ. 1522ರಲ್ಲಿ ಪೋಪ್ ಆದ ಆರನೆಯ ಏಡ್ರಿಯನ್ ಉಟ್ರೆಕ್ಟ್‌ನವರು. ಅವರ ನಂತರ 1978ರಲ್ಲಿ ಪೋಲೆಂಡ್‌ನ ಎರಡನೆಯ ಜಾನ್ ಪಾಲ್ ಬರುವ ತನಕ ಎಲ್ಲರೂ ಬೆಟ್ಟದ ಈಚೆಯವರೇ.

ಈಗ ನಕ್ಷೆಯನ್ನು ತಲೆಕೆಳಗು ಮಾಡಿ. ಈಗ ನೀವು ಪ್ಯಾರಿಸ್‌ನಲ್ಲಿದ್ದೀರಿ. ಬೆಟ್ಟದಾಚೆ ಯಾರಿದ್ದಾರೆ? ಪೋಪ್! ಫ್ರಾನ್ಸ್‌ನ ರಾಜರಿಗೂ ಪೋಪ್‌ಗೂ ಅಧಿಕಾರದ ಜಗ್ಗಾಟ ಹಳೆಯದು. ಫ್ರಾನ್ಸ್‌ನ ಚರ್ಚಿನ ಮೇಲೆ ಪೋಪ್ ಕೈ ಎಷ್ಟು ಉದ್ದ ಎಂಬುದು ಪ್ರಶ್ನೆ. 1682ರಲ್ಲಿ ಫ್ರೆಂಚ್ ಪಾದ್ರಿಗಳ ಸಭೆ ನಾಲ್ಕು ಅಂಶಗಳ ಒಂದು ಘೋಷಣೆ ಹೊರಡಿಸಿ ಆ ಕೈಗೆ ಮಿತಿ ಹಾಕಿತು. ಈ ಪಕ್ಷಕ್ಕೆ 'ಗ್ಯಾಲಿಕನ್' ಎಂದು ಹೆಸರು. ಮತ್ತೆ ಗಾಲ್ ಬಂತು ನೋಡಿ. ಎದುರಾಳಿಗಳು, ಅಂದರೆ ಎಲ್ಲದಕ್ಕೂ ರೋಮ್ ಕಡೆ ನೋಡುವವರು, 'ಅಲ್ಟ್ರಾಮಾಂಟೇನ್'. ಇದು ಬೈಗುಳವಾಗಿಯೇ ಜಾಸ್ತಿ ಓಡಾಡಿತು. 1870ರಲ್ಲಿ ವ್ಯಾಟಿಕನ್ ಮಹಾಸಭೆ, ಪೋಪ್ ಧರ್ಮಪೀಠದಿಂದ ಕೊಟ್ಟ ವಿಧಿವತ್ತಾದ ಬೋಧನೆಯಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದು ಸಾರಿತು. ಅಲ್ಟ್ರಾಮಾಂಟೇನರು ಗೆದ್ದರು. ಆಮೇಲೆ ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಕಡೆಯವರು ಕ್ಯಾಥೊಲಿಕ್ ರಾಜಕಾರಣಿಗಳನ್ನು ಇದೇ ಹೆಸರಿನಿಂದ ಹಂಗಿಸಿದರು.

ಹೀಗೆ ಒಂದೇ ವಿಶೇಷಣ, ಮೊದಲು ರೋಮ್‌ನಿಂದ ದೂರ ಇದ್ದವನಿಗೆ, ಆಮೇಲೆ ರೋಮ್‌ಗೆ ತೀರಾ ಹತ್ತಿರದವನಿಗೆ. ಅನುವಾದ ಮಾಡುವಾಗ ನೋಡಬೇಕಾದ್ದು ಬರೆದವನ ಊರು ಮತ್ತು ಕಾಲ. ನಿಘಂಟು ಇಲ್ಲಿ ಅಷ್ಟು ಸಹಾಯ ಮಾಡುವುದಿಲ್ಲ.

'ಸಿಸಾಲ್ಪೈನ್' ಕೂಡ ಹೀಗೆ ತಿರುಗಿ ನಿಂತದ್ದುಂಟು. 1792ರಲ್ಲಿ ಇಂಗ್ಲೆಂಡ್‌ನ ಕೆಲವು ಕ್ಯಾಥೊಲಿಕರು 'ಸಿಸಾಲ್ಪೈನ್ ಕ್ಲಬ್' ಕಟ್ಟಿದರು. ನಾವು ಕ್ಯಾಥೊಲಿಕರು ನಿಜ, ಆದರೆ ದೇಶದ ವಿಷಯದಲ್ಲಿ ಪೋಪ್ ಮಾತು ನಮ್ಮ ಮೇಲೆ ನಡೆಯುವುದಿಲ್ಲ ಎಂಬುದು ಅವರ ನಿಲುವು. ಅವರ 'ಈಚೆ' ಅಂದರೆ ಲಂಡನ್ ಕಡೆ. ನಾನು ಗಮನಿಸಿದ ಮಟ್ಟಿಗೆ ಈ ಎರಡು ಸಿಸಾಲ್ಪೈನ್‌ಗಳನ್ನು ಕಲಸಿ ಬರೆದವರು ಕಮ್ಮಿಯಿಲ್ಲ. ಮಿಲಾನ್‌ನ ಸಿಸಾಲ್ಪೈನ್ ಬೇರೆ, ಲಂಡನ್‌ನ ಸಿಸಾಲ್ಪೈನ್ ಬೇರೆ. ನಡುವೆ ಇಡೀ ಆಲ್ಪ್ಸ್ ಇದೆ.

ಪ್ರಶ್ನೆ: ರಕ್ತ ಹೀರುವ ಪ್ರೇತದ ಕಥೆಗಳ ಟ್ರಾನ್ಸಿಲ್ವೇನಿಯಾದಲ್ಲಿ ಇರುವುದೂ ಇದೇ 'ಟ್ರಾನ್ಸ್' ಏನು? (ಒಬ್ಬ ಹೈಸ್ಕೂಲ್ ಹುಡುಗ)

ಉತ್ತರ: ಅದೇ ಕಣಪ್ಪ. 'ಸಿಲ್ವಾ' ಅಂದರೆ ಕಾಡು. ಕಾಡಿನಾಚೆಯ ನಾಡು. ಯಾರಿಗೆ ಆಚೆ? ಪಶ್ಚಿಮದ ಬಯಲಿನಲ್ಲಿದ್ದ ಹಂಗೇರಿಯವರಿಗೆ. ಅವರ ಭಾಷೆಯ 'ಎರ್ದೇಯ್' ಎಂಬ ಹೆಸರಿಗೂ ಕಾಡಿನಾಚೆ ಎಂದೇ ಅರ್ಥ. ಅಲ್ಲಿ ನೆಲೆಸಿದ ಜರ್ಮನರು ಮಾತ್ರ 'ಸೀಬೆನ್‌ಬ್ಯುರ್ಗೆನ್' ಅಂದರು, ಏಳು ಕೋಟೆಗಳು ಎಂದು. ಅವರು ಒಳಗೇ ಇದ್ದವರು. ಆಚೆ, ಈಚೆ ಎಂದು ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ಪ್ರೇತದ ವಿಷಯಕ್ಕೂ ಹೆಸರಿಗೂ ಸಂಬಂಧ ಇಲ್ಲ. ಧೈರ್ಯವಾಗಿರು.

ಪ್ರಶ್ನೆ: ಆಸ್ಟ್ರಿಯಾ-ಹಂಗೇರಿಯ ಚರಿತ್ರೆಯಲ್ಲಿ ಬರುವ 'ಸಿಸ್‌ಲೈಥೇನಿಯಾ' ಯಾವ ದೇಶ?

ಉತ್ತರ: ದೇಶ ಅಲ್ಲ, ಅರ್ಧ ದೇಶ. 1867ರ ಒಪ್ಪಂದದಲ್ಲಿ ಸಾಮ್ರಾಜ್ಯವನ್ನು ಎರಡು ಭಾಗ ಮಾಡಿದರು. ಹಂಗೇರಿಯ ಭಾಗಕ್ಕೆ ಹೆಸರಿತ್ತು. ಉಳಿದ ಭಾಗಕ್ಕೆ 'ಸಾಮ್ರಾಜ್ಯ ಸಭೆಯಲ್ಲಿ ಪ್ರತಿನಿಧಿಗಳಿರುವ ರಾಜ್ಯಗಳು ಮತ್ತು ನಾಡುಗಳು' ಎಂಬ ಅಧಿಕೃತ ಹೆಸರು. ಇದನ್ನು ಯಾರು ಉಸಿರು ಕಟ್ಟಿ ಹೇಳುತ್ತಾರೆ? ಎರಡರ ನಡುವಿನ ಗಡಿಯಲ್ಲಿ ಲೈಥಾ ಎಂಬ ಸಣ್ಣ ನದಿ ಇತ್ತು. ಅದನ್ನೇ ಹಿಡಿದು ವಿಯೆನ್ನಾ ಕಡೆಯದು ಸಿಸ್‌ಲೈಥೇನಿಯಾ, ಹಂಗೇರಿ ಕಡೆಯದು ಟ್ರಾನ್ಸ್‌ಲೈಥೇನಿಯಾ ಅಂದರು. ಆದರೆ ಇಂದಿನ ಉಕ್ರೇನ್‌ನಲ್ಲಿರುವ ಲ್ವಿವ್ ಕೂಡ ಈ 'ಈಚೆ'ಯಲ್ಲೇ ಇತ್ತು! ಆ ನದಿಯಿಂದ ನೂರಾರು ಕಿಲೋಮೀಟರ್ ಪೂರ್ವಕ್ಕೆ. ಏಡ್ರಿಯಾಟಿಕ್ ಕಡಲಿನ ಡಾಲ್ಮೇಷಿಯಾ ಕೂಡ ಈಚೆಯೇ. ಗುಮಾಸ್ತರ ಭೂಗೋಳ ಇದು, ನದಿ ಸುಮ್ಮನೆ ನೆಪ. 1918ರಲ್ಲಿ ಸಾಮ್ರಾಜ್ಯವೂ ಹೋಯಿತು, ಹೆಸರೂ ಹೋಯಿತು.

ಪ್ರಶ್ನೆ: ತಮ್ಮನ್ನು ತಾವೇ 'ಆಚೆಯವರು' ಎಂದು ಕರೆದುಕೊಳ್ಳುವ ಊರು ಎಲ್ಲಾದರೂ ಇದೆಯೇ?

ಉತ್ತರ: ರೋಮ್‌ನಲ್ಲೇ ಇದೆ. ಟೈಬರ್ ನದಿಯ ಪಶ್ಚಿಮ ದಡದ ಟ್ರಾಸ್ಟೇವೆರೆ. ಲ್ಯಾಟಿನ್‌ನ 'ಟ್ರಾನ್ಸ್ ಟಿಬೆರಿಮ್', ಟೈಬರ್ ಆಚೆ, ಸವೆದು ಹಾಗಾಯಿತು. ಬಹಳ ಹಿಂದೆ ಆ ದಡ ಪರದೇಶಕ್ಕೆ ಸಮ. ರೋಮ್‌ನ ಹನ್ನೆರಡು ಫಲಕಗಳ ಕಾನೂನಿನ ಪ್ರಕಾರ ಸಾಲ ತೀರಿಸದವನನ್ನು 'ಟೈಬರ್ ಆಚೆ' ಮಾರಬಹುದಿತ್ತು. ರೋಮ್‌ನ ಪ್ರಜೆಯನ್ನು ರೋಮ್‌ನ ಒಳಗೇ ಗುಲಾಮ ಮಾಡಬಾರದು, ನದಿ ದಾಟಿಸಿ ಮಾರಿದರೆ ಅಡ್ಡಿ ಇಲ್ಲ ಎಂಬ ತರ್ಕ. ಆಮೇಲೆ ನಗರ ಬೆಳೆದು ಆ ದಡವನ್ನೂ ನುಂಗಿತು. ಈಗ ಅಲ್ಲಿನವರು 'ಟ್ರಾಸ್ಟೆವೆರೀನಿ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಅಸಲಿ ರೋಮನ್ನರು ನಾವೇ ಎಂದು ವಾದಕ್ಕೂ ಬರುತ್ತಾರೆ. ಜುಲೈನಲ್ಲಿ ಅವರದೊಂದು ಹಬ್ಬ ಇದೆ, 'ಫೆಸ್ಟಾ ದೆ ನೊವಾಂತ್ರಿ'. ರೋಮ್‌ನ ಆಡುಮಾತಿನಲ್ಲಿ 'ನಮ್ಮವರ ಹಬ್ಬ'. ನದಿಯ ಆ ಕಡೆಯವರು ಅವರ ಪಾಲಿಗೆ 'ವೊವಾಂತ್ರಿ', ಅಂದರೆ ನೀವುಗಳು.

ಪ್ರಶ್ನೆ: ಎಣ್ಣೆಯ ಪೊಟ್ಟಣದ ಮೇಲಿನ 'ಟ್ರಾನ್ಸ್ ಫ್ಯಾಟ್'ಗೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ಕೊಬ್ಬಿನ ಅಣುವಿನಲ್ಲಿ ಇಂಗಾಲದ ಜೋಡಿ ಬಂಧ ಇದ್ದ ಕಡೆ ಎರಡು ಹೈಡ್ರೋಜನ್ ಒಂದೇ ಬದಿಗಿದ್ದರೆ 'ಸಿಸ್'. ಎದುರು ಬದುರು ಇದ್ದರೆ 'ಟ್ರಾನ್ಸ್'. ಸಿಸ್ ಸರಪಳಿ ಬಾಗಿರುತ್ತದೆ, ಒತ್ತೊತ್ತಾಗಿ ಕೂರುವುದಿಲ್ಲ, ಎಣ್ಣೆ ದ್ರವವಾಗಿರುತ್ತದೆ. ಟ್ರಾನ್ಸ್ ನೆಟ್ಟಗಿದ್ದು ಒತ್ತಾಗಿ ಕೂರುತ್ತದೆ, ಗಟ್ಟಿಯಾಗುತ್ತದೆ. ಇಲ್ಲಿ ಬೆಟ್ಟದ ಜಾಗದಲ್ಲಿ ಬಂಧ ಇದೆ. ನೋಡುವವನು ಎಲ್ಲಿ ನಿಂತರೂ ಅರ್ಥ ಬದಲಾಗುವುದಿಲ್ಲ, ರಸಾಯನಶಾಸ್ತ್ರದವರು ಅಷ್ಟರ ಮಟ್ಟಿಗೆ ಜಾಣರು.

ಪ್ರಶ್ನೆ: ಕಿಸಾಲ್ಪೀನಾ, ಸಿಸಾಲ್ಪೈನ್, ಚಿಸಾಲ್ಪೀನಾ... ಯಾವ ಉಚ್ಚಾರ ಸರಿ?

ಉತ್ತರ: ಸೀಸರನ ಕಾಲದಲ್ಲಿ 'ಕಿ'. ಇಟಲಿಯವರು ಈಗ 'ಚಿ' ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ, ಫ್ರೆಂಚ್‌ನಲ್ಲಿ 'ಸಿ'. ನಾನು ಲ್ಯಾಟಿನ್ ಹೆಸರು ಹೇಳುವಾಗ 'ಕಿ' ಬರೆಯುತ್ತೇನೆ, ಉಳಿದ ಕಡೆ 'ಸಿಸಾಲ್ಪೈನ್'. ಗ್ರಂಥಾಲಯದಲ್ಲಿ ಹುಡುಕುವವರಿಗೆ ಸಿಗುವುದು ಅದೇ ಹೆಸರಿನಲ್ಲಿ.